ಟ್ವೆಲ್ಫ್ತ್ ನೈಟ್ ಚಾರ್ಟ್: 18 ದೃಶ್ಯ ಮುಗಿದವು, ಬಟ್ಟೆಗಂಟು ಇನ್ನೂ ಸಿಕ್ಕಿಲ್ಲ

ಚಾರ್ಟ್ ಅಂತೂ ಗೋಡೆಗೆ ಬಂತು. ಷೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದ 5 ಅಂಕಗಳಲ್ಲಿ ಒಟ್ಟು 18 ದೃಶ್ಯ. ಅಡ್ಡಕ್ಕೆ 18 ಮನೆ, ಎಡಗಡೆ ಮೇಲಿಂದ ಕೆಳಗೆ ಪಾತ್ರಗಳ ಹೆಸರು. ಯಾರು ಯಾವ ದೃಶ್ಯದಲ್ಲಿ ರಂಗದ ಮೇಲೆ ಬರುತ್ತಾರೋ ಆ ಮನೆಗೊಂದು ಬಣ್ಣದ ಚುಕ್ಕೆ. ಅಷ್ಟೇ ಕೆಲಸ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ವಯೋಲಾ, ಸೆಬಾಸ್ಟಿಯನ್ ಅವಳಿಗಳು. ಹಡಗು ಒಡೆದು ಬೇರೆಯಾಗುತ್ತಾರೆ. ಇನ್ನೊಬ್ಬರು ಮುಳುಗಿಹೋದರು ಅಂತಲೇ ಇಬ್ಬರ ಲೆಕ್ಕ. ವಯೋಲಾ ಇಲಿರಿಯಾ ದಡ ಸೇರಿ, ಗಂಡುವೇಷ ಹಾಕಿ, ಸೆಸಾರಿಯೊ ಅಂತ ಹೆಸರಿಟ್ಟುಕೊಂಡು ಡ್ಯೂಕ್ ಆರ್ಸಿನೋ ಹತ್ತಿರ ಕೆಲಸಕ್ಕೆ ನಿಲ್ಲುತ್ತಾಳೆ. ಆರ್ಸಿನೋಗೆ ಒಲಿವಿಯಾ ಮೇಲೆ ಪ್ರೀತಿ. ಒಲಿವಿಯಾಗೆ ಅವನ ಮಾತು ಹೊತ್ತು ತಂದ ಸೆಸಾರಿಯೊ ಮೇಲೆ. ವಯೋಲಾಗೆ ಆರ್ಸಿನೋ ಮೇಲೆ. ಇದರ ಪಕ್ಕದಲ್ಲಿ ಇನ್ನೊಂದು ಕಥೆ: ಒಲಿವಿಯಾ ಮನೆಯ ಕುಡುಕ ನೆಂಟ ಸರ್ ಟೋಬಿ ಮತ್ತು ಅವನ ಗುಂಪು ಸೇರಿ ಪಾರುಪತ್ಯಗಾರ ಮಾಲ್ವೋಲಿಯೊನನ್ನು ಬಕ್ರಾ ಮಾಡುವುದು.

ಚುಕ್ಕೆ ಹಾಕುತ್ತಾ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಆರ್ಸಿನೋ ಸಾಲು. ನಾಟಕ ಶುರುವಾಗುವುದೇ ಅವನ ಮಾತಿನಿಂದ. ಆದರೆ ಇಡೀ ಸಾಲಿನಲ್ಲಿ 4 ಚುಕ್ಕೆ ಮಾತ್ರ! ಎರಡನೇ ಅಂಕದ 4ನೇ ದೃಶ್ಯ ಮುಗಿದ ಮೇಲೆ ಮನುಷ್ಯ ನಾಪತ್ತೆ. 8 ಮನೆ ಖಾಲಿ ಬಿಟ್ಟು ಸೀದಾ ಐದನೇ ಅಂಕಕ್ಕೆ ಬರುತ್ತಾನೆ. ತಾನು ಅಷ್ಟೊಂದು ಹಂಬಲಿಸುವ ಒಲಿವಿಯಾಗೆ ಅವನು ರಂಗದ ಮೇಲೆ ಎದುರಾಗುವುದೂ ಆಗಲೇ. ಸರ್ ಟೋಬಿಗೆ 10 ಚುಕ್ಕೆ, ವಯೋಲಾಗೆ 8. ಪಕ್ಕದ ಕಥೆ ಅಂದುಕೊಂಡಿದ್ದೇ ಹೆಚ್ಚು ಜಾಗ ತಿಂದಿದೆ.

ಅವಳಿಗಳ ಚುಕ್ಕೆಗಳು ಇನ್ನೂ ಮಜವಾಗಿವೆ. ಎರಡನೇ ಅಂಕದ ಮೊದಲ ದೃಶ್ಯದಲ್ಲೇ ಸೆಬಾಸ್ಟಿಯನ್ ಬದುಕಿದ್ದಾನೆ ಅಂತ ನಮಗೆ ತೋರಿಸಿಬಿಡುತ್ತಾರೆ. ಅದರ ಮುಂದಿನ ದೃಶ್ಯದಲ್ಲಿ ಒಲಿವಿಯಾ ಕಳಿಸಿದ ಉಂಗುರ ಎದುರಿಗಿಟ್ಟುಕೊಂಡು, ಈ ಸಿಕ್ಕನ್ನು ಕಾಲವೇ ಬಿಡಿಸಬೇಕು, ನನ್ನ ಕೈಲಾಗದು ಅಂತ ವಯೋಲಾ ಅಲವತ್ತುಕೊಳ್ಳುತ್ತಾಳೆ. ಬಿಡಿಸುವವನನ್ನು ನಾವು ಈಗಷ್ಟೇ ನೋಡಿದ್ದೇವೆ, ಅಲ್ವಾ? ಅದಕ್ಕೇ ಅವಳ ಸಂಕಟ ನೋಡಿಯೂ ನಗು ಬರುತ್ತದೆ. ಆಮೇಲೆ ಕೊನೆಯ ದೃಶ್ಯದವರೆಗೂ ಇಬ್ಬರ ಚುಕ್ಕೆ ಒಂದೇ ಮನೆಯಲ್ಲಿ ಬೀಳುವುದಿಲ್ಲ.

ಕಾಲದ ಲೆಕ್ಕಕ್ಕೂ ಒಂದು ಸಾಲು ಹಾಕಿದ್ದೆ, ಅದನ್ನು ಕೈಬಿಟ್ಟೆ. ಮೊದಲ ಅಂಕದಲ್ಲಿ ಸೆಸಾರಿಯೊ ಕೆಲಸಕ್ಕೆ ಸೇರಿ 3 ದಿನ. ಐದನೇ ಅಂಕದಲ್ಲಿ ಆರ್ಸಿನೋ ಬಾಯಲ್ಲಿ ಅದು 3 ತಿಂಗಳು. ನಾಟಕ ನೋಡುವಾಗ ಯಾರಿಗೂ ಇದು ಗೊತ್ತಾಗುವುದಿಲ್ಲ, ಸುಮ್ನೆ ಬಿಟ್ಟುಬಿಡುವುದೇ ವಾಸಿ.

ಈ ವಾರವೆಲ್ಲ ಮಾಲ್ವೋಲಿಯೊ ಸಾಲಿನ ಹಿಂದೆ ಬಿದ್ದಿದ್ದೇನೆ. ನಡುರಾತ್ರಿ ಕುಡಿದು ಹಾಡುತ್ತಿದ್ದ ಟೋಬಿ ಗುಂಪನ್ನು ಅವನು ಗದರುತ್ತಾನೆ. ಅಲ್ಲೇ ಒಲಿವಿಯಾಳ ಸೇವಕಿ ಮರಿಯಾ ಉಪಾಯ ಹೂಡುತ್ತಾಳೆ. ಅವಳ ಅಕ್ಷರ ಥೇಟ್ ಒಲಿವಿಯಾ ಅಕ್ಷರದ ಹಾಗೇ ಇದೆ, ಒಲಿವಿಯಾಳೇ ಬರೆದ ಪ್ರೇಮಪತ್ರ ಅನ್ನಿಸುವಂಥ ಕಾಗದ ಬರೆಯುತ್ತಾಳೆ. ಒಂದು ದೃಶ್ಯ ಬಿಟ್ಟು ಮುಂದಿನದರಲ್ಲಿ ಆ ಕಾಗದ ತೋಟದಲ್ಲಿ ಬಿದ್ದಿರುತ್ತದೆ, ಅವನನ್ನು ನೋಡಿ ನಗಲು ಟೋಬಿ ಸೇರಿ ಮೂವರು ಗಿಡದ ಮರೆಯಲ್ಲಿರುತ್ತಾರೆ. ಇಲ್ಲೇ ಬರೆದವನ ಜಾಣತನ ನೋಡಿ. ಕಾಗದ ಕೈಗೆ ಸಿಗುವ ಮೊದಲೇ ಮಾಲ್ವೋಲಿಯೊ ಒಲಿವಿಯಾಳ ಗಂಡನಾಗಿಬಿಟ್ಟಿದ್ದಾನೆ! ಮೈಮೇಲೆ ಮಖಮಲ್ ನಿಲುವಂಗಿ, ಟೋಬಿಗೆ ಹೇಳಿಕಳಿಸುವುದು, ಅವನು ಬರುವ ತನಕ ಕೈಗಡಿಯಾರ ಅಲ್ಲ, ಆ ಕಾಲದ ಜೇಬುಗಡಿಯಾರಕ್ಕೆ ಕೀಲಿ ಕೊಡುತ್ತಾ ಕೂರುವುದು, ಎಲ್ಲ ಒಬ್ಬನೇ ನಟಿಸಿಕೊಳ್ಳುತ್ತಾನೆ. ಕಾಗದ ಅವನನ್ನು ಮೋಸ ಮಾಡುವುದಿಲ್ಲ, ಅವನಿಗೆ ಬೇಕಾದದ್ದನ್ನೇ ಓದಿಸುತ್ತದೆ. ಕಾಗದ ಹೇಳಿದ ಹಳದಿ ಕಾಲುಚೀಲ, ಅಡ್ಡಡ್ಡ ಪಟ್ಟಿ, ಯಾವಾಗಲೂ ಹಲ್ಲು ಬಿಡುವುದು, ಇವೆಲ್ಲ ಮೂರನೇ ಅಂಕಕ್ಕೆ.

ಇದೇ ಜಾಗದಲ್ಲಿ ಚಾರ್ಟಿನಲ್ಲೊಂದು ತೇಪೆ ಕಾಣುತ್ತದೆ. ಬಚ್ಚಿಟ್ಟುಕೊಳ್ಳುವವರಲ್ಲಿ ವಿದೂಷಕ ಫೆಸ್ಟಿ ಮೂರನೆಯವನು ಅಂತ ಮರಿಯಾ ಹೇಳಿರುತ್ತಾಳೆ. ತೋಟಕ್ಕೆ ಬರುವವನು ಮಾತ್ರ ಫೇಬಿಯನ್ ಅಂತ ಹೊಸಬ. ಕರಡಿ ಕಾದಾಟದ ವಿಷಯಕ್ಕೆ ಮಾಲ್ವೋಲಿಯೊ ತನ್ನ ಮೇಲೆ ಚಾಡಿ ಹೇಳಿದ್ದ ಅನ್ನುವ ಸಿಟ್ಟು ಅವನಿಗೆ.

1602ರ ಫೆಬ್ರವರಿ 2ರಂದು ಲಂಡನ್ನಿನ ವಕೀಲರ ಸಂಸ್ಥೆಯಾದ ಮಿಡಲ್ ಟೆಂಪಲ್‌ನಲ್ಲಿ ಈ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್ ದಿನಚರಿಯಲ್ಲಿ ಮೆಚ್ಚಿ ಬರೆದದ್ದು ಈ ಕಾಗದದ ಆಟವನ್ನೇ. ವಯೋಲಾ ಹೆಸರೇ ಅಲ್ಲಿಲ್ಲ. ಪಾಪ, ನಾಟಕದೊಳಗೂ ಐದನೇ ಅಂಕದವರೆಗೆ ಯಾರೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ.

ಈಗ ಬಟ್ಟೆಗಂಟಿನ ವಿಷಯ. ವಯೋಲಾಳನ್ನು ದಡಕ್ಕೆ ತಂದ ಹಡಗಿನ ಕ್ಯಾಪ್ಟನ್‌ಗೆ ಚಾರ್ಟಿನಲ್ಲಿ ಒಂದೇ ಚುಕ್ಕೆ. ಅವಳ ಹೆಣ್ಣುಬಟ್ಟೆ ಇರುವುದು ಅವನ ಕಡೆ. ಕೊನೆಯಲ್ಲಿ ನೋಡಿದರೆ ಅವನು ಸೆರೆಯಲ್ಲಿದ್ದಾನೆ, ದೂರು ಕೊಟ್ಟವನು ಮಾಲ್ವೋಲಿಯೊ! ಆ ಮಾಲ್ವೋಲಿಯೊ, ನಿಮ್ಮೆಲ್ಲರ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂತ ಹೊರಟೇಹೋಗುತ್ತಾನೆ. ಅವನನ್ನು ಸಮಾಧಾನ ಮಾಡಿ ಕರೆತನ್ನಿ, ಕ್ಯಾಪ್ಟನ್ ವಿಷಯ ಇನ್ನೂ ಹೇಳಿಲ್ಲ ಅಂತ ಆರ್ಸಿನೋ ಜನ ಅಟ್ಟುತ್ತಾನೆ. ವಯೋಲಾ ಹೆಣ್ಣುಬಟ್ಟೆ ತೊಟ್ಟ ಮೇಲೇ ಆರ್ಸಿನೋ ಜೊತೆ ಅವಳ ಮದುವೆ, ಆದರೆ ಬಟ್ಟೆ ಬರುವುದೇ ಇಲ್ಲ. ವಯೋಲಾ ಗಂಡುವೇಷದಲ್ಲೇ ಉಳಿಯುತ್ತಾಳೆ. ಇಡೀ ನಾಟಕ ಯಾರನ್ನು ನೋಡಿ ನಕ್ಕಿತೋ ಅವನ ಕೈಯಲ್ಲೇ ಮದುವೆಯ ಕೀಲಿ ಇದೆ. ಎರಡು ಕಥೆಗಳನ್ನು ಕಟ್ಟಿರುವ ಗಟ್ಟಿ ದಾರ ನನಗೆ ಕಂಡ ಮಟ್ಟಿಗೆ ಇದೇ. ಕೆಂಪು ಸ್ಕೆಚ್ ಪೆನ್ನಿನಲ್ಲಿ ಕ್ಯಾಪ್ಟನ್ ಚುಕ್ಕೆಯಿಂದ ಮಾಲ್ವೋಲಿಯೊನ ಕೊನೆ ಚುಕ್ಕೆಗೆ ಗೆರೆ ಎಳೆದಿದ್ದೇನೆ.

ಮುಂದಿನ ಕೆಲಸ, ಒಬ್ಬರೇ ಎರಡು ಪಾತ್ರ ಮಾಡುವ ಪಟ್ಟಿ. ಕ್ಯಾಪ್ಟನ್, ಆಂಟೋನಿಯೊ ಒಬ್ಬನೇ ಆಗಬಹುದು, ಆದರೆ ಬೇಡ. ಇಬ್ಬರೂ ಅವಳಿಗಳನ್ನು ಕಾಪಾಡಿದ ಕಡಲಿನವರು, ನೋಡುವವರಿಗೆ ಗೊಂದಲ ಜಾಸ್ತಿ. ಮರಿಯಾ ಕೊನೆಯ ದೃಶ್ಯದಲ್ಲಿ ಇಲ್ಲ, ಅವಳು ಟೋಬಿಯನ್ನು ಮದುವೆಯಾದ ಸುದ್ದಿಯನ್ನೂ ಫೇಬಿಯನ್ನೇ ಹೇಳುತ್ತಾನೆ. ನಾಲ್ಕನೇ ಅಂಕದಲ್ಲಿ ಫೆಸ್ಟಿಗೆ ಪಾದ್ರಿ ವೇಷ ಹಾಕಿಸುವವಳು ಅವಳೇ. ಆ ಪಾತ್ರ ಮಾಡುವವರಿಗೇ ಮುಂದಿನ ದೃಶ್ಯದ ನಿಜವಾದ ಪಾದ್ರಿಯನ್ನೂ ಕೊಟ್ಟರೆ? ಬಟ್ಟೆ ಬದಲಿಸಲು ಸಮಯ ಸಾಕು, ಮರಿಯಾ ದೃಶ್ಯ ಮುಗಿಯುವ ಮೊದಲೇ ಒಳಗೆ ಹೋಗಿರುತ್ತಾಳೆ. ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.