ಮರಗೆಣಸು ಹೊತ್ತು ಹೋದವರು

ಕೆಲವು ತಿಂಗಳಿಂದ ಗರಿಫುನಾ ಜನರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಎಲ್ಲಿಯ ಹಾಸನ, ಎಲ್ಲಿಯ ಕೆರಿಬಿಯನ್ ಸಮುದ್ರ ಅಂತ ಮನೆಯಲ್ಲಿ ಕೇಳುತ್ತಾರೆ. ನಮ್ಮದು ಹೇಮಾವತಿ ಮುಳುಗಡೆಯ ಕುಟುಂಬ. ಗೊರೂರಿನ ಅಣೆಕಟ್ಟಿಗೆ ಅಜ್ಜಿಯ ಊರು, ಗದ್ದೆ ಎಲ್ಲ ಹೋಯಿತು. ಹೊಸ ಜಾಗಕ್ಕೆ ಬಂದು ಅಜ್ಜಿ ಮೊದಲು ಬಿಚ್ಚಿದ್ದು ಬೀಜದ ಗಂಟನ್ನು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಹಾಗಾಗಿ ಊರು ಕಳೆದುಕೊಂಡವರು ಹೊಟ್ಟೆಗೆ ಏನು ಮಾಡಿಕೊಂಡರು ಅನ್ನುವುದು ನನಗೆ ದೂರದ ವಿಷಯವಲ್ಲ.

ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ಮೂಲನಿವಾಸಿಗಳೂ ಆಫ್ರಿಕಾದಿಂದ ಬಂದವರೂ ಬೆರೆತು ಆದ ಜನ ಈ ಗರಿಫುನಾಗಳು. ದ್ವೀಪದ ಒಳ್ಳೆಯ ಭೂಮಿ ಬ್ರಿಟಿಷರಿಗೆ ಕಬ್ಬಿಗೆ ಬೇಕಿತ್ತು. ಇವರು ಬಿಡಲಿಲ್ಲ, ಯುದ್ಧವಾಯಿತು. 1795ರಲ್ಲಿ ಇವರ ನಾಯಕ ಜೋಸೆಫ್ ಚಟೋಯರ್ ಸತ್ತ. ಮರುವರ್ಷ ಸೋತವರನ್ನು ಹಿಡಿದು ಬ್ಯಾಲಿಸೋ ಎಂಬ ಪುಟ್ಟ ದ್ವೀಪದಲ್ಲಿ ಕೂಡಿಹಾಕಿದರು. ಅಲ್ಲಿ ರೋಗ, ಹಸಿವಿನಿಂದ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಉಳಿದವರನ್ನು 1797ರಲ್ಲಿ ಹಡಗಿಗೆ ತುಂಬಿ ಹೊಂಡುರಾಸ್ ಬಳಿಯ ರೊವಾಟಾನ್ ದ್ವೀಪದಲ್ಲಿ ಇಳಿಸಿ ಹೋದರು. ಅಲ್ಲಿಂದ ಅವರು ಹೊಂಡುರಾಸ್, ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾ ಕರಾವಳಿಗೆ ಹಬ್ಬಿದರು.

ಬಟ್ಟೆಯೊಳಗೆ ಮರಗೆಣಸು ಬಚ್ಚಿಟ್ಟುಕೊಂಡು ಬಂದರು ಅಂತ ಅವರ ಹಿರಿಯರು ಹೇಳುತ್ತಾರಂತೆ. ಅದು ಕಹಿ ಜಾತಿಯ ಗೆಣಸು, ಹಸಿಯಾಗಿ ತಿಂದರೆ ವಿಷ. ಆದರೆ ಹೆಂಗಸರಿಗೆ ಅದರ ವಿಷ ತೆಗೆಯುವ ದಾರಿ ಗೊತ್ತಿತ್ತು. ಸಿಪ್ಪೆ ತೆಗೆದು, ಚೂಪು ಕಲ್ಲು ಕೂರಿಸಿದ ಹಲಗೆಯ ಮೇಲೆ ತುರಿಯುತ್ತಾರೆ. ಆ ತುರಿಯನ್ನು ರುಗುಮಾ ಎಂಬ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ ತೂಗುಹಾಕುತ್ತಾರೆ. ಕೆಳಗಿನ ಕುಣಿಕೆಗೆ ಕೋಲು ಹಾಕಿ ಅದರ ಮೇಲೆ ಕೂತು ಜಗ್ಗಿದರೆ ಚೀಲ ಬಿಗಿದು ವಿಷದ ರಸ ಇಳಿಯುತ್ತದೆ. ಉಳಿದ ಹಿಟ್ಟನ್ನು ಜರಡಿ ಹಿಡಿದು, ದೊಡ್ಡ ಕಾವಲಿಯ ಮೇಲೆ ಹರಡಿ ರೊಟ್ಟಿ ಸುಡುತ್ತಾರೆ. ಅದೇ ಎರೆಬಾ. ತಿಂಗಳುಗಟ್ಟಲೆ ಕೆಡುವುದಿಲ್ಲ. ಸಮುದ್ರಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಬೇಕಾ?

ಕಾಡು ಕಡಿದು ಜಾಗ ಮಾಡುವುದು, ಮರ ಕೊರೆದು ಮಾಡಿದ ದೋಣಿಯಲ್ಲಿ ಮೀನಿಗೆ ಹೋಗುವುದು ಗಂಡಸರ ಕೆಲಸ. ನೆಡುವುದು, ಕೀಳುವುದು, ರೊಟ್ಟಿ ಮಾಡುವುದು ಹೆಂಗಸರದು. ಬಾಳೆಕಾಯಿ ಬೇಯಿಸಿ ಒರಳಲ್ಲಿ ಕುಟ್ಟಿ, ತೆಂಗಿನಹಾಲಿನ ಮೀನು ಸಾರಿನ ಜೊತೆ ಉಣ್ಣುತ್ತಾರೆ. ಅದರ ಹೆಸರು ಹುದುತು. ಆಮೇಲೆ ಬಾಳೆಹಣ್ಣಿನ ಕಂಪನಿಗಳು ಬಂದವು, ಗಂಡಸರು ಬಂದರಿನ ಕೂಲಿಗೆ, ಹಡಗಿಗೆ, ಕೊನೆಗೆ ನ್ಯೂಯಾರ್ಕಿಗೆ ಹೋದರು. ಊರು, ತೋಟ ಹಿಡಿದು ನಿಂತವರಲ್ಲಿ ಹೆಂಗಸರೇ ಜಾಸ್ತಿ. ನನಗೆ ಇವರ ಮೇಲೆ ತುಂಬಾ ಗೌರವ.

2001ರಲ್ಲಿ ಯುನೆಸ್ಕೊ ಅವರ ಭಾಷೆ, ಕುಣಿತ, ಹಾಡನ್ನು ಮಾನವಕುಲದ ಪರಂಪರೆ ಎಂದು ಘೋಷಿಸಿತು. ಒಳ್ಳೆಯದೇ. ಆದರೆ ನೆಲ? ಹೊಂಡುರಾಸ್‌ನ ಟ್ರಿಯುನ್ಫೊ ದೆ ಲಾ ಕ್ರೂಸ್ ಊರಿನ ಕಡಲತಡಿ ಪ್ರವಾಸೋದ್ಯಮದವರಿಗೆ ಬೇಕಾಗಿತ್ತು. ಊರವರು ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಅಂತರ ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಆ ಊರಿನ ಸಾಮೂಹಿಕ ಭೂಮಿಯ ಹಕ್ಕನ್ನು ಸರ್ಕಾರ ಉಲ್ಲಂಘಿಸಿದೆ ಎಂದು ತೀರ್ಪು ಕೊಟ್ಟಿತು. ಆದರೂ 2020ರ ಜುಲೈನಲ್ಲಿ ಪೊಲೀಸ್ ಬಟ್ಟೆ ತೊಟ್ಟವರು ಅದೇ ಊರಿನ ಗರಿಫುನಾ ಮುಖಂಡನನ್ನೂ ಜೊತೆಯವರನ್ನೂ ಎತ್ತಿಕೊಂಡು ಹೋದರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಹೇಮಾವತಿ ಹಿನ್ನೀರಿನ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮುಳುಗಿದ ಊರಲ್ಲಿ ನಿಮ್ಮವರು ಯಾವ ಭತ್ತ, ಯಾವ ಗೆಣಸು ಬೆಳೆಯುತ್ತಿದ್ದರು, ಯಾವ ಮೀನು ಹಿಡಿಯುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ನನಗೆ ಬರೆಯಿರಿ. ಒಂದು ಕಡೆ ಸೇರಿಸಿ ಇಡುತ್ತಿದ್ದೇನೆ.