ಬಾಕ್ಸ್ ಮೇಲೆ 10, ಕಂಪ್ಯೂಟರಿಗೆ ಹೋಗೋದು 2

ಬೆಂಗಳೂರಿನ ಎಸ್‌ಪಿ ರೋಡ್ ಹತ್ತಿರ ಒಂದು ಆಡಿಯೋ ಅಂಗಡಿಯಲ್ಲಿ ಕೌಂಟರ್ ಕೆಲಸ ನನ್ನದು. ಎಂಟು ವರ್ಷ ಆಯಿತು. ಈಗ ಹೇಳುವ ಸಂಗತಿ ನಡೆದು ಒಂದೂವರೆ ವರ್ಷ ಆಗಿದೆ, ಆದರೂ ಯಾರಾದರೂ ಹೋಮ್ ರೆಕಾರ್ಡಿಂಗಿಗೆ ಮಿಕ್ಸರ್, ಅಂದರೆ ಹಲವು ಮೈಕಿನ ಸದ್ದು ಕಲಸುವ ಪೆಟ್ಟಿಗೆ, ಕೊಡಿ ಅಂದ ತಕ್ಷಣ ನನಗೆ ಆ ಮೇಷ್ಟ್ರ ಚೀಟಿಯೇ ಕಣ್ಣ ಮುಂದೆ ಬರುತ್ತದೆ.

ತಿಪಟೂರು ಕಡೆಯಿಂದ ಬಂದಿದ್ದ ರಿಟೈರ್ಡ್ ಮೇಷ್ಟ್ರು ಅವರು. ಅವರು ಹಾರ್ಮೋನಿಯಂ ನುಡಿಸುತ್ತಾರೆ, ಮಗಳು ದಾಸರ ಪದ ಹಾಡುತ್ತಾರೆ, ಮೊಮ್ಮಗ ತಬಲ. ಮನೆಯಲ್ಲೇ ಕೂತು ರೆಕಾರ್ಡ್ ಮಾಡಬೇಕು. ಮೂರು ಮೈಕ್ ಆಗಲೇ ಇವೆ, ಕೈಯಲ್ಲಿರುವುದು 18,000 ರೂಪಾಯಿ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು, ಕೊನೆಯ ಸಾಲನ್ನು ನನಗೆ ಓದಿಯೂ ಹೇಳಿದರು: "ಮೂರೂ ಬೇರೆ ಬೇರೆಯಾಗಿ ಬರಬೇಕು. ಆಮೇಲೆ ಮೊಮ್ಮಗ ಸರಿ ಮಾಡ್ತಾನೆ."

ಅಷ್ಟು ಸ್ಪಷ್ಟವಾಗಿ ಕೇಳುವ ಗಿರಾಕಿ ತಿಂಗಳಿಗೆ ಒಬ್ಬರು ಸಿಕ್ಕರೆ ಜಾಸ್ತಿ.

ಆಗ ನಮ್ಮಲ್ಲಿ ಒಂದು 10 ಚಾನೆಲ್ ಮಿಕ್ಸರ್ ಏಳು ಪೀಸ್ ಹಾಗೇ ಕೂತಿತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಓನರ್ ಹೇಳಿದ್ದು ಒಂದೇ ಮಾತು, ಯಾರು ಏನೇ ಕೇಳಲಿ, ಮೊದಲು ಅದನ್ನು ತೋರಿಸಿ ಅಂತ. ನಾನು ತೋರಿಸಿದೆ. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಬೇರೆ ಬೇರೆ ಬರುತ್ತಾ?" ಅಂತ ಇನ್ನೊಂದು ಸಲ ಕೇಳಿದರು. "ಯುಎಸ್‌ಬಿ ಇದೆ ಸರ್, ಎಲ್ಲಾ ಕಂಪ್ಯೂಟರಿಗೆ ಹೋಗುತ್ತೆ" ಅಂದೆ. ಬಿಲ್ ಆಯಿತು.

ಆ ಮಾತು ಸುಳ್ಳಲ್ಲ. ಎಲ್ಲವೂ ಹೋಗುತ್ತದೆ, ಆದರೆ ಕಲಸಿಕೊಂಡು ಹೋಗುತ್ತದೆ. ಕಡಿಮೆ ಬೆಲೆಯ ಯುಎಸ್‌ಬಿ ಮಿಕ್ಸರ್‌ಗಳಲ್ಲಿ ಬಹುಪಾಲು ಹೀಗೆಯೇ. ಸ್ಪೀಕರಿಗೆ ಹೋಗುವ ಮೇನ್ ಔಟ್‌ಗೆ ಬರುವ ಎಡ, ಬಲ ಎರಡೇ ಯುಎಸ್‌ಬಿಗೂ ಹೋಗುತ್ತವೆ. ಯಮಹಾದ ಎಂಜಿ10ಎಕ್ಸ್‌ಯು ನೋಡಿ, ನನಗೆ ಇಷ್ಟದ ಮಿಕ್ಸರ್ ಅದು, ಸದ್ದು ಚೆನ್ನಾಗಿದೆ, ಗಟ್ಟಿಯಾಗಿದೆ. ಹೆಸರಲ್ಲಿ 10 ಇದೆ, ಅದರಲ್ಲಿ ಮೈಕ್ ಹಾಕಲು ಆಗುವುದು 4, ಉಳಿದ 6 ಅಂದರೆ ಮೂರು ಸ್ಟೀರಿಯೋ ಜೋಡಿ. ಕಂಪ್ಯೂಟರಿಗೆ ಹೋಗುವುದು 2. ಬಾಕ್ಸ್ ಮೇಲೆ ದೊಡ್ಡದಾಗಿ ಕಾಣುವುದು ಮೊದಲನೇ ನಂಬರ್. ಮೇಷ್ಟ್ರಿಗೆ ಬೇಕಿದ್ದದ್ದು ಕೊನೆಯದು.

ಅದಾಗಿ ಮೂರನೇ ವಾರ, ಶನಿವಾರ ಸಂಜೆ ಆರೂವರೆ, ಅಂಗಡಿ ತುಂಬಾ ಜನ. ಮೊಮ್ಮಗ ಫೋನ್ ಮಾಡಿದ. "ಅಂಕಲ್, ರೀಪರ್‌ನಲ್ಲಿ ಇನ್‌ಪುಟ್ ಎರಡೇ ತೋರಿಸ್ತಿದೆ. ಮೂರನೇದು ಎಲ್ಲಿದೆ?" ರೀಪರ್ ಅಂದರೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ನಾನು ಎಎಸ್ಐಒ4ಆಲ್ ಅನ್ನುವ ಆಡಿಯೋ ಡ್ರೈವರ್ ಹಾಕು ಅಂದೆ. ಹಾಕಿದ. ಪೋರ್ಟ್ ಬದಲಿಸು ಅಂದೆ, ಕೇಬಲ್ ಬದಲಿಸು ಅಂದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡು ಅಂದೆ. ಆ ಕಡೆಯಿಂದ ಯಾರೋ ತಬಲ ಶ್ರುತಿ ಮಾಡುವ ಸುತ್ತಿಗೆ ಸದ್ದು ಕೇಳಿಸುತ್ತಿತ್ತು. ಮಗಳು ಹಾಡಲಿಕ್ಕೆಂದೇ ಮೈಸೂರಿನಿಂದ ರಜೆ ಹಾಕಿ ಬಂದಿದ್ದಾರೆ, ನಾಳೆ ರಾತ್ರಿ ವಾಪಸ್ ಅಂತ ಆ ಹುಡುಗ ಮಾತಿನ ಮಧ್ಯೆ ಹೇಳಿದ.

ಅವನು ರೀಸ್ಟಾರ್ಟ್ ಮಾಡುತ್ತಿದ್ದಾಗ ನಾನು ಡೆಮೋ ಪೀಸಿನ ಮ್ಯಾನುಯಲ್ ತೆಗೆದೆ. ಕೊನೆಯ ಪುಟದ ಟೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಯುಎಸ್‌ಬಿ 2 ಇನ್, 2 ಔಟ್. ನನಗೆ ಗೊತ್ತಾಯಿತು. ಅಷ್ಟೇ ಹೇಳಿದ್ದರೆ ಸಾಕಿತ್ತು. ಓನರ್ ನನ್ನ ಪಕ್ಕದಲ್ಲೇ ಕ್ಯಾಶ್‌ನಲ್ಲಿ ಕೂತಿದ್ದರು, ಎದುರಿಗೆ ಅದೇ ಮಿಕ್ಸರ್ ನೋಡುತ್ತಾ ಇಬ್ಬರು ಗಿರಾಕಿಗಳು ನಿಂತಿದ್ದರು. ನನ್ನ ಬಾಯಿಂದ ಬಂದದ್ದು, "ಡ್ರೈವರ್ ತೆಗೆದು ಇನ್ನೊಂದು ಸಲ ಹಾಕಿ ನೋಡಪ್ಪಾ."

ಆಮೇಲೆ ಇನ್ನೂ ಇಪ್ಪತ್ತು ನಿಮಿಷ ಹಾಗೆ ಹೋಯಿತು. ತಪ್ಪು ಮಿಕ್ಸರ್ ಕೊಟ್ಟಿದ್ದಕ್ಕಿಂತ ಈ ಇಪ್ಪತ್ತು ನಿಮಿಷ ನನ್ನನ್ನು ಜಾಸ್ತಿ ಕಾಡುತ್ತದೆ. ಮೊದಲನೆಯದು ಗೊತ್ತಿಲ್ಲದೆ ಮಾಡಿದ್ದು, ಇದು ಗೊತ್ತಿದ್ದೂ ಮಾಡಿದ್ದು. ತಪ್ಪು ತನ್ನದೇ ಇರಬೇಕು ಅಂದುಕೊಂಡು ಆ ಹುಡುಗ ನಾನು ಹೇಳಿದ್ದನ್ನೆಲ್ಲಾ ಮಾಡುತ್ತಾ ಇದ್ದ.

ಕೊನೆಗೆ ಮೇಷ್ಟ್ರೇ ಫೋನ್ ತೆಗೆದುಕೊಂಡರು. "ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾವು ಬೇರೆ ದಾರಿ ನೋಡ್ಕೋತೀವಿ." ಸಿಟ್ಟಿನ ದನಿಯಲ್ಲ, ಸುಸ್ತಾದ ದನಿ. ಆಗ ಹೇಳಿದೆ. ಈ ಮಿಕ್ಸರ್‌ನಲ್ಲಿ ಮೂರೂ ಬೇರೆ ಬರಲ್ಲ ಸರ್, ನಾನು ಸರಿಯಾಗಿ ನೋಡದೆ ಕೊಟ್ಟಿದ್ದೇನೆ, ತಪ್ಪು ನನ್ನದು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಅಂಗಡಿ ಹಿಂದಿನ ಗೋಡೌನಿಗೆ ಹೋಗಿ ಮತ್ತೆ ಫೋನ್ ಮಾಡಿದೆ. ಎರಡು ಚಾನೆಲ್ ಇದ್ದರೂ ಹಾಡನ್ನಾದರೂ ಬೇರೆ ಉಳಿಸಿಕೊಳ್ಳಬಹುದಿತ್ತು. ಮಗಳ ಮೈಕಿನ ಪ್ಯಾನ್ (ಸದ್ದನ್ನು ಎಡ ಬಲಕ್ಕೆ ಸರಿಸುವ ನಾಬ್) ಪೂರ್ತಿ ಎಡಕ್ಕೆ, ಹಾರ್ಮೋನಿಯಂ ಮತ್ತು ತಬಲ ಎರಡೂ ಪೂರ್ತಿ ಬಲಕ್ಕೆ. ರೀಪರ್‌ನಲ್ಲಿ ಎರಡು ಮೋನೋ ಟ್ರ್ಯಾಕ್, ಒಂದಕ್ಕೆ ಇನ್‌ಪುಟ್ 1, ಇನ್ನೊಂದಕ್ಕೆ 2. ಮಿಕ್ಸರ್‌ನ ಎಫೆಕ್ಟ್ ನಾಬ್ ಸೊನ್ನೆಯಲ್ಲಿರಬೇಕು, ಇಲ್ಲದಿದ್ದರೆ ರಿವರ್ಬ್, ಅಂದರೆ ಪ್ರತಿಧ್ವನಿಯ ಗುಂಗು, ಎರಡೂ ಕಡೆ ಹರಡಿ ಹಾಡು ಬಲಕ್ಕೂ ಬರುತ್ತದೆ, ಮತ್ತೆ ಅದನ್ನು ತೆಗೆಯಲು ಆಗುವುದಿಲ್ಲ. ರೀಪರ್ ಮೀಟರಿನಲ್ಲಿ ಸದ್ದಿನ ಪೀಕ್ ಮೈನಸ್ 12 ಡಿಬಿ ಆಸುಪಾಸು ಇರಲಿ ಅಂದೆ. ತಬಲ ಹಾರ್ಮೋನಿಯಂ ನಡುವಿನ ಬ್ಯಾಲೆನ್ಸ್ ಆಮೇಲೆ ಬದಲಿಸಲು ಆಗುವುದಿಲ್ಲ, ಹಾಗಾಗಿ ಅರ್ಧರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ, ಮೈಕ್ ಹಿಂದೆ ಮುಂದೆ ಮಾಡಿ, ಅದು ಕೂತ ಮೇಲೆ ಹಾಡಿಗೆ ಹೋಗಿ ಅಂತ ಹೇಳಿದೆ. ಭಾನುವಾರ ಸಂಜೆಯೊಳಗೆ ನಾಲ್ಕು ಪದ ಮುಗಿಸಿದರಂತೆ. ಹತ್ತು ಅಂದುಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಓನರ್ ಹತ್ತಿರ ಎಕ್ಸ್‌ಚೇಂಜ್ ಕೇಳಿದೆ. ಸೀಲ್ ಒಡೆದಿದೆ, ಬಿಲ್ ಹಿಂದೆ ಏನು ಬರೆದಿದೆ ಓದು ಅಂದರು. ಗಿರಾಕಿ ಬಾಯಿಬಿಟ್ಟು ಕೇಳಿದ್ದಕ್ಕೆ ನಾವು ತಪ್ಪು ಉತ್ತರ ಕೊಟ್ಟಾಗಲೂ ಅದೇ ಬಿಲ್ಲಿನ ಹಿಂಬದಿ. ಎರಡು ದಿನ ಜಗಳ ಆಡಿದೆ. ಕೊನೆಗೆ ಡೆಮೋ ಪೀಸ್ ಲೆಕ್ಕದಲ್ಲಿ ವಾಪಸ್ ತೆಗೆದುಕೊಂಡರು, ಕಡಿತದಲ್ಲಿ ಅರ್ಧ ನನ್ನ ಇನ್ಸೆಂಟಿವ್‌ನಿಂದ ಹೋಯಿತು. ಮೇಷ್ಟ್ರು ಬೆಹ್ರಿಂಗರ್ ಯುಎಂಸಿ404ಎಚ್‌ಡಿ ಅನ್ನುವ ಇಂಟರ್‌ಫೇಸ್, ಅಂದರೆ ಮೈಕ್‌ಗಳನ್ನು ಕಲಸದೆ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ, ತೆಗೆದುಕೊಂಡು ಹೋದರು. ನಾಲ್ಕು ಮೈಕ್, ನಾಲ್ಕು ಬೇರೆ ಬೇರೆ ಟ್ರ್ಯಾಕ್, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಇದೆ. ಸಾಲಾಗಿ ಫೇಡರ್ ಇಲ್ಲ, ಎಫೆಕ್ಟ್ ಇಲ್ಲ, ನೋಡಲು ಏನೂ ಇಲ್ಲದ ಕಪ್ಪು ಡಬ್ಬಿ. ಅವರಿಗೆ ಮೊದಲ ದಿನವೇ ಕೊಡಬೇಕಿದ್ದದ್ದು ಅದು.

ಮಿಕ್ಸರ್ ಬೇಡವೇ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯಿಂದ ಲೈವ್ ಹೋಗುವವರಿಗೆ, ಇಬ್ಬರು ಕೂತು ಮಾತಾಡುವುದನ್ನು ಆಮೇಲೆ ಮುಟ್ಟದೆ ಹಾಗೇ ಹಾಕುವವರಿಗೆ, ಅದೇ ಪೆಟ್ಟಿಗೆಯನ್ನು ಗಣಪತಿ ಪೆಂಡಾಲಿಗೂ ಒಯ್ಯುವವರಿಗೆ ಸಣ್ಣ ಮಿಕ್ಸರ್ ಒಳ್ಳೆಯದೇ. ಆಗ ಅಲ್ಲೇ ಕೈಯಲ್ಲಿ ಕಲಸುವುದೇ ಕೆಲಸ. ಮಿಕ್ಸರೂ ಬೇಕು, ಟ್ರ್ಯಾಕೂ ಬೇರೆ ಬೇಕು ಅನ್ನುವವರಿಗೆ ಜೂಮ್ ಎಲ್-8, ಟ್ಯಾಸ್ಕ್ಯಾಮ್ ಮಾಡೆಲ್ 12 ಥರದವು ಇವೆ, ಎಸ್‌ಡಿ ಕಾರ್ಡಿಗೇ ಚಾನೆಲ್ ಚಾನೆಲ್ ಬೇರೆ ಬರೆಯುತ್ತವೆ, ಆದರೆ ಮೊದಲ ಸಲ ಕೊಳ್ಳುವವರ ಬಜೆಟ್ಟಿಗೆ ಬರುವುದಿಲ್ಲ. ಒಬ್ಬರೇ ಹಾಡುವವರು, ಒಂದೇ ಮೈಕ್ ಅಂದರೆ ಒಂದು ಮೈಕಿನ ಇಂಟರ್‌ಫೇಸ್ ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ ಅಂತ ಹೇಳುತ್ತೇನೆ. ಬಿಲ್ ಸಣ್ಣದಾಗುತ್ತದೆ, ಓನರ್ ಮುಖ ನೋಡುತ್ತಾರೆ.

ಈಗ ನಾನು ಕೇಳುವ ಮೊದಲ ಪ್ರಶ್ನೆ ಬಜೆಟ್ ಅಲ್ಲ. ಒಟ್ಟಿಗೆ ಎಷ್ಟು ಮೈಕ್, ಆಮೇಲೆ ಬೇರೆ ಬೇರೆ ಬೇಕಾ? ಶೋಕೇಸಿನಲ್ಲಿ ಪ್ರತಿ ಮಿಕ್ಸರ್ ಮುಂದೆ ಒಂದು ಕಾರ್ಡ್ ಇಟ್ಟಿದ್ದೇನೆ. ಚಾನೆಲ್ ಎಷ್ಟು, ಮೈಕ್ ಎಷ್ಟು, ಕಂಪ್ಯೂಟರಿಗೆ ಎಷ್ಟು. ಮೂರನೇ ನಂಬರ್ ಇದ್ದರೆ ಸೇಲ್ಸ್ ಬೀಳುತ್ತೆ ಅಂತ ಓನರ್ ಎರಡು ಸಲ ಕಾರ್ಡ್ ತೆಗೆಸಿದರು. ಎರಡು ಸಲವೂ ವಾಪಸ್ ಬರೆದು ಇಟ್ಟಿದ್ದೇನೆ.