ಕಪ್ಪು ಸೀರೆಯ ಮೇಲೆ ಹಿಮಗುಡ್ಡ: ಆರನೇ ವಾರ

ಗುಡ್ಡ ಎರಡೂ, ನಂಗಾ ಪರ್ಬತ್ ಮತ್ತು ಕೆ2, ಮುಗಿದವು. ಹೆಸರುಗಳೇ ಕಾಡುತ್ತಿವೆ.

ಹೊಸಬರಿಗೆ ಎರಡು ಮಾತು. ಅವ್ವನ ಹಳೇ ಚಂದ್ರಕಾಳಿ ಸೀರೆಯ ತುಂಡಿನ ಮೇಲೆ ನಾಲ್ವರು ಶೆರ್ಪಾಗಳ (ಹಿಮಾಲಯ ಹತ್ತುವವರ ಜೊತೆ ಹೊರೆ ಹೊತ್ತು ಹೋಗುವವರು) ಹೆಸರನ್ನು ಕಸೂತಿಯಲ್ಲಿ ಹಾಕುತ್ತಿದ್ದೇನೆ. ಹಿಮದಲ್ಲಿ ಬೇರೆಯವರಿಗಾಗಿ ನಿಂತು, ಇಲ್ಲವೇ ಬೇರೆಯವರಿಗಾಗಿ ಮತ್ತೆ ಮೇಲೆ ಹತ್ತಿ ಸತ್ತವರು. ಧಾರವಾಡದವಳಿಗೆ ಹಿಮದ ಗೊಡವೆ ಯಾಕೆ ಅಂತ ಕೇಳಬಹುದು. 2016ರಲ್ಲಿ ಸಿಯಾಚಿನ್‌ನಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, ಫೆಬ್ರವರಿ 11ಕ್ಕೆ ತೀರಿಕೊಂಡರು. ಆ ವಾರ ನಮ್ಮನೆಯಲ್ಲಿ ಟೀವಿ ಆರಿಸಿದವರಿಲ್ಲ. ಹಿಮದ ಬಗ್ಗೆ ಓದೋ ಚಟ ನನಗೆ ಹತ್ತಿದ್ದು ಆಗಲೇ.

ಗುಡ್ಡಕ್ಕೆ ಮುರ್ಗಿ ಹೊಲಿಗೆ ಹೇಳಿ ಮಾಡಿಸಿದ ಹಾಗಿದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಸೂತಿಯಲ್ಲಿ ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಬೇಕು. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ಕೆ2ನ ಎಡ ಮಗ್ಗುಲಲ್ಲಿ ಒಂದು ಕಡೆ ನಾಲ್ಕು ಎಳೆಯ ಬದಲು ಐದು ಹಿಡಿದಿದ್ದೆ. ವಾಪಸ್ ಬರುವಾಗ ದಾರ ದಾರಕ್ಕೆ ಸೇರಲೇ ಇಲ್ಲ. ಎರಡು ಸಂಜೆಯ ಕೆಲಸ ಬಿಚ್ಚಿದೆ. ಕರಿ ಬಟ್ಟೆ, ಕಣ್ಣಿಗೆ ಎಳೆ ಕಾಣುವುದಿಲ್ಲ. ಈಗ ತೊಡೆ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರುತ್ತೇನೆ. ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ?

ಎಡಗಡೆಯದು ನಂಗಾ ಪರ್ಬತ್. 1934ರ ಜುಲೈ ಬಿರುಗಾಳಿಯಲ್ಲಿ ಅಲ್ಲಿ ಆರು ಶೆರ್ಪಾಗಳು ಸತ್ತರು. ಅವರಲ್ಲಿ ಗೇಲೇ ಒಬ್ಬ. ಜರ್ಮನ್ ತಂಡದ ಮುಖ್ಯಸ್ಥ ವಿಲ್ಲಿ ಮೆರ್ಕ್‌ಲ್‌ಗೆ ನಡೆಯಲು ಆಗುತ್ತಿರಲಿಲ್ಲ. ಜೊತೆಗಿದ್ದ ಆಂಗ್ ತ್ಸೆರಿಂಗ್ ಸಹಾಯ ಕರೆಯಲು ಇಳಿದ, ಬದುಕಿದ. ಗೇಲೇ ಸಾಹೇಬನ ಹತ್ತಿರವೇ ಉಳಿದ. 1938ರಲ್ಲಿ ಬೇರೊಂದು ತಂಡಕ್ಕೆ ಇಬ್ಬರ ದೇಹವೂ ಸಿಕ್ಕವು.

ಬಲಗಡೆ ಕೆ2, 8,611 ಮೀಟರ್. 1939ರಲ್ಲಿ ಡಡ್ಲಿ ವುಲ್ಫ್ ಎಂಬ ಅಮೆರಿಕನ್ ಏಳನೇ ಕ್ಯಾಂಪಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದಿದ್ದ. ಪಾಸಂಗ್ ಕಿಕುಲಿ ಇನ್ನೊಬ್ಬನ ಜೊತೆ ಬುಡದಿಂದ ಆರನೇ ಕ್ಯಾಂಪಿಗೆ ಒಂದೇ ದಿನದಲ್ಲಿ ಹತ್ತಿದ, ಸುಮಾರು 2,000 ಮೀಟರ್. ವುಲ್ಫ್ ಸಿಕ್ಕ, ಆದರೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ, ನಾಳೆ ಬನ್ನಿ ಅಂದ. ಮರುದಿನ ಬಿರುಗಾಳಿ. ಅದರ ಮರುದಿನ, ಜುಲೈ 31ಕ್ಕೆ, ಕಿಕುಲಿ, ಪಾಸಂಗ್ ಕಿತಾರ್, ಫಿನ್ಸೂ ಮೂವರೂ ಮತ್ತೆ ಮೇಲೆ ಹೋದರು. ಯಾರೂ ವಾಪಸ್ ಬರಲಿಲ್ಲ. ಈ ಕಿಕುಲಿ 1934ರ ನಂಗಾ ಪರ್ಬತ್ ಬಿರುಗಾಳಿಯಿಂದ ಬದುಕಿ ಬಂದವನು. ಹಿಮ ಏನು ಮಾಡುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೇ ಎರಡು ಗುಡ್ಡದ ನಡುವೆ ಗವಂತಿ ಹೊಲಿಗೆಯಲ್ಲಿ, ಅಂದರೆ ಹೋಗಿ ಬಂದು ತುಂಬುವ ಗೆರೆ ಹೊಲಿಗೆಯಲ್ಲಿ, ಒಂದು ಸಣ್ಣ ಗೆರೆ ಹಾಕಿದ್ದೇನೆ.

ಈಗ ಅಕ್ಷರದ ಕಥೆ. ಕನ್ನಡ ಅಕ್ಷರ ದುಂಡಗೆ, ಕಸೂತಿ ಗೆರೆ ನೆಟ್ಟಗೆ ಇಲ್ಲಾ ಓರೆ. ಒಂಬತ್ತು ಎಳೆ ಎತ್ತರದಲ್ಲಿ ‘ಗೇಲೇ’ ಹಾಕಿದೆ. ಅವ್ವ ಕನ್ನಡಕ ಏರಿಸಿಕೊಂಡು ಓದಿದಳು.

“ಇದೇನವಾ, ಗೇಲಿ ಅಂತ ಬರದೀ? ಸತ್ತವರ ಮ್ಯಾಲ ಗೇಲಿ ಮಾಡ್ತಾರೇನ?”

ನೋಡಿದರೆ ಹೌದು, ‘ಲೇ’ಯ ತಲೆ ಸುತ್ತಿಕೊಂಡು ‘ಲಿ’ ಆಗಿತ್ತು. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದೆ. ಹದಿನಾರು ಎಳೆ ಎತ್ತರ ಮಾಡಿ, ಮೆಂತಿ ಹೊಲಿಗೆಯಲ್ಲಿ (ಒಂದರ ಮೇಲೊಂದು ಓರೆಯಾಗಿ ದಾಟುವ ಹೊಲಿಗೆ) ತುಂಬಿದ ಮೇಲೆ ಸರಿಯಾಯಿತು. ಅವ್ವನೂ ಒಪ್ಪಿದಳು.

ಆದರೆ ಅಕ್ಷರ ದೊಡ್ಡದಾಗಿ ಜಾಗ ಸಾಲುತ್ತಿಲ್ಲ. ಕಿಕುಲಿ, ಕಿತಾರ್ ಕೂತರು. ‘ಫಿನ್ಸೂ’ ಅಂಚಿಗೆ ಹೋಗುತ್ತಿದೆ, ಅದರಲ್ಲೂ ಆ ಒತ್ತಕ್ಷರ ದೊಡ್ಡ ತಲೆನೋವು. ಬಿಳಿ ದಾರವೂ ಅರ್ಧ ಲಡಿ ಉಳಿದಿದೆ. ಶನಿವಾರ ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲಿನಲ್ಲಿ ಎರಡು ಲಡಿ ತರಬೇಕು.